ಬಾಗದ ಊರಲ್ಲಿ ಒಂದು ಕಮಾನು

ಲಗ್ನಪತ್ರಿಕೆ, ಒಂಬತ್ತನೇ ಈಯತ್ತೆಯ ಪ್ರಶ್ನೆಪತ್ರಿಕೆ,
ಪುಣ್ಯತಿಥಿಯ ಕಾರ್ಡು.
ಶಹಾಬಾದಿನ ಸ್ಟೇಷನ್ ರಸ್ತೆಯ ನನ್ನ ಅಂಗಡಿಗೆ
ಇವು ಬಿಟ್ಟು ಬೇರೇನೂ ಬಂದಿದ್ದಿಲ್ಲ,
ಬ್ಯಾಂಡಿನ ಮೌಲಾಲಿ ಬಗಲಲ್ಲಿ ಬಟ್ಟೆ ಸುತ್ತಿದ ವಹಿ ಹಿಡಿದು
ಒಳಗೆ ಬರುವ ತನಕ.

"ತಿಮೋತಪ್ಪ ಮಾಸ್ತರ ಕೈಬರಹ ಅದ. ಅವರು ಹೋಗಿ ಎರಡು ವರ್ಷಾತು.
ಕಂಪ್ಯೂಟರದಾಗ ಕೂಡಿಸಿ ಕೊಡ್ರಿ ಅಕ್ಕೋರೆ,
ಹುಡುಗರಿಗೆ ಝೆರಾಕ್ಸ್ ಹಂಚಬೇಕು."

ಯಾರೋ ಪಾದ್ರಿ ಕಲಿಸಿದ ಐದು ಗೆರೆ,
ಗೆರೆಯ ಮೇಲೆ ಇರುವೆ ಸಾಲು.
ನಾಲ್ಕು ತಿಂಗಳು ಕೂತು ಕಲಿತೆ:
ಯಾವ ಇರುವೆಗೆ ಬಾಲ, ಯಾವುದಕ್ಕೆ ಬರೀ ಹೊಟ್ಟೆ.
ಇರುವೆಗಳು ಮಾತು ಕೇಳಿದವು.
ಕಮಾನು ಕೇಳಲಿಲ್ಲ.

ಸ್ಲರ್ ಅಂತಾರೆ ಅದಕ್ಕೆ. ಇಲ್ಲಿಂದ ಅಲ್ಲಿತನಕ
ಕಡಿಯದೆ ನುಡಿಸು ಅಂತ ನೆತ್ತಿಯ ಮೇಲೆ ಎಳೆದ ಗೆರೆ.
ಸಾಫ್ಟ್‌ವೇರು ಕೊಡುವುದು ನಿಂಬೆಹೋಳಿನ ಸಿಪ್ಪೆ:
ಎರಡೂ ಕಡೆ ಸಮ, ನಡು ದಪ್ಪ, ತುದಿ ಚೂಪು.
ಮಾಸ್ತರರದು ಹಾಗಲ್ಲ.
ಕೆಳಗಿನ ಮನೆಯಿಂದ ಏಳುತ್ತದೆ,
ಶಾರ್ಪಿನ ಕೊಂಬು ತಾಕದಂತೆ ಮೈ ಸರಿಸುತ್ತದೆ,
ಎತ್ತರದ ಸ್ವರ ಮುಟ್ಟುವ ಮೊದಲೇ ಮಗ್ಗಲು ಬದಲಿಸಿ
ಮಲಗಿದ ಎಮ್ಮೆಯ ಬೆನ್ನಿನ ಹಾಗೆ
ಅವಸರವಿಲ್ಲದೆ ಇಳಿಯುತ್ತದೆ.

ಹಿಡಿಯಲಿಕ್ಕೆ ನಾಲ್ಕು ಚುಕ್ಕಿ: ಎರಡು ಕಾಲು, ಎರಡು ಕಿವಿ.
ಎಡಗಿವಿ ಎಳೆದರೆ ಬಲಗಡೆ ಯಾವುದೋ ಬಾಲ ಚುಚ್ಚುತ್ತದೆ.
ಬಲಗಿವಿ ತಗ್ಗಿಸಿದರೆ ಇಡೀ ಕಮಾನು
ಜೋತುಬಿದ್ದ ಬಟ್ಟೆಯ ಹಗ್ಗ.
ಎಂಟು ಪಟ್ಟಿ ಉದ್ದ. ನಡುವೆಯೇ ಸಾಲು ಮುಗಿಯುತ್ತದೆ;
ಗೆರೆ ಹಾಳೆಯ ಅಂಚಿನಲ್ಲಿ ಬರಿಗೈ ಚಾಚಿ ನಿಂತು
ಕೆಳಸಾಲಿನಲ್ಲಿ, ಎಲ್ಲೋ ಹೋಗಿ ಬಂದವರಂತೆ,
ಮಾತು ಮುಂದುವರಿಸಬೇಕು.

ನಮ್ಮೂರಿಗೆ ಬಾಗುವುದು ಗೊತ್ತಿಲ್ಲ.
ನೆಲ ಫರಸಿ, ಗೋಡೆ ಫರಸಿ, ಮಾಳಿಗೆಗೂ ಫರಸಿ,
ಬಚ್ಚಲ ಕಲ್ಲು, ಗೋರಿಯ ಕಲ್ಲು,
ಎಲ್ಲವೂ ಉಳಿ ಇಟ್ಟಲ್ಲಿ ನೆಟ್ಟಗೆ ಸೀಳುವಂಥವು.
ಗಣಿಯ ಧೂಳು ದಿನಾ ಮಾನಿಟರಿನ ಮೇಲೆ ಕೂಡುತ್ತದೆ.
ಸೆರಗಿನಿಂದ ಒರೆಸಿದ ಗುರುತೊಂದೇ
ಕಮಾನಿನ ಆಕಾರ.

ಆರನೇ ಪಟ್ಟಿಯಲ್ಲಿ ಪೆನ್ಸಿಲ್ ಗೆರೆ
ಜೋಳದ ಕಾಳಿನಷ್ಟು ಬಿಟ್ಟುಹೋಗಿತ್ತು.
ಕಾಗದ ಮಡಿಚಿ ಮಡಿಚಿ ಸವೆದಿದೆ ಅಂದುಕೊಂಡು
ನಾನೇ ಕೂಡಿಸಿದೆ. ಚಂದ ಕಾಣಿಸಿತು.
ಹದಿನೇಳನೇ ಸಲಕ್ಕೆ ಕೈಗೆ ಬಂದ ಕಮಾನು.

ಮೌಲಾಲಿ ಕ್ಲಾರಿನೆಟ್ ಜೋಡಿಸಿದ, ರೀಡು ನಾಲಿಗೆಯಲ್ಲಿ ನೆನೆಸಿದ.
ಪತ್ರಿಕೆಯ ಪ್ರೂಫ್ ನೋಡಲು ಬಂದ ಗಂಡಿನ ಕಡೆಯವರು
ಬಾಗಿಲಲ್ಲೇ ನಿಂತರು.
ಐದು ಪಟ್ಟಿ ಹೋದ. ಆರರಲ್ಲಿ ಕುತ್ತಿಗೆಯ ನರ ಎದ್ದು,
ಮುಖ ಕಪ್ಪಿಟ್ಟು, ನಾದ ಕೀರಲಾಗಿ ನಿಂತಿತು.

"ಇಲ್ಲೊಂದು ಸಂದಿತ್ತಲ್ಲ, ಎಲ್ಲಿ ಹೋಯ್ತು?"
"ಸವದದ್ದು ಅನ್ಕೊಂಡೆ."
"ಅಲ್ರಿ. ಕಲ್ಲು ಕೊರಿಯೋ ಮಷಿನ್ ಮುಂದ
ಮೂವತ್ತು ವರ್ಷ ನಿಂತ ಎದಿ ಅದು.
ಎಂಟು ಪಟ್ಟಿ ಎಲ್ಲಿ ಸಾಲ್ತಿತ್ತು?
ಇಲ್ಲಿ ಒಂದು ಉಸಿರು ಕದೀತಿದ್ರು.
ಬಾರಾತಿನ್ಯಾಗ ಯಾರಿಗೂ ತಿಳೀತಿದ್ದಿಲ್ಲ. ನಮಗಷ್ಟ."

ಸಾಫ್ಟ್‌ವೇರಿಗೆ ಕದಿಯಲು ಬರುವುದಿಲ್ಲ.
ಕೂಡಿಸು, ಇಲ್ಲ ಬಿಡಿಸು; ಮೆನುವಿನಲ್ಲಿ ಎರಡೇ ಇವೆ.
ಎರಡು ಕಮಾನು ಮಾಡಿದೆ.
ಮೊದಲನೆಯದರ ಬಲಗಾಲು, ಎರಡನೆಯದರ ಎಡಗಾಲು
ಯಾವ ಸ್ವರಕ್ಕೂ ಕಟ್ಟದೆ ಗಾಳಿಯಲ್ಲಿ ಬಿಟ್ಟೆ.
ದೂರದಿಂದ ಒಂದೇ ಅನಿಸಬೇಕು,
ಹತ್ತಿರ ಬಂದವನಿಗೆ ಮಾತ್ರ
ಜೋಳದ ಕಾಳಿನಷ್ಟು ಬಿಳುಪು.

ಅಷ್ಟರಲ್ಲಿ ಕರೆಂಟು ಹೋಯಿತು.
ಸೇವ್ ಮಾಡಿದ್ದೆನೋ ಇಲ್ಲವೋ.
ಮೌಲಾಲಿ ಅವೇ ಎಂಟು ಪಟ್ಟಿ ಬಾಯಿಪಾಠದಿಂದ ಊದಿದ.
ಆರನೆಯದರಲ್ಲಿ ನಾನು ಮೌಸ್ ಹಿಡಿದ ಕೈ ಬಿಗಿಮಾಡಿ
ಆ ಸಂದಿಗೆ ಕಾದೆ.
ಏನೂ ಕೇಳಿಸಲಿಲ್ಲ.

ಗಂಡಿನ ಸೋದರಮಾವ ಕತ್ತಲಲ್ಲೇ
ಬ್ಯಾಂಡಿನ ರೇಟು ಕೇಳಿದ.